ಕದಿಯದೆ ತಂದ ಕೂಸು

ವರ್ಷಕ್ಕೆ ಒಬ್ಬಿಬ್ಬರು ಹೆಂಗಸರು ನನ್ನ ಗಿರಣಿಗೆ ಜೋಳದ ಚೀಲ ಹಿಡಿದು ಬರುತ್ತಾರೆ, ಹಿಟ್ಟು ಬೀಸಿಸಿಕೊಂಡ ಮೇಲೂ ಹೋಗುವುದಿಲ್ಲ. ಸೆರಗಿಗೆ ಹತ್ತಿದ ಹಿಟ್ಟು ಝಾಡಿಸಿಕೊಳ್ಳುತ್ತ, ಬೇರೆ ಗಿರಾಕಿ ಹೋಗಲಿ ಎಂದು ಕಾಯುತ್ತ ನಿಂತಿರುತ್ತಾರೆ. ನನಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಅವರ ಮನೆಯಲ್ಲಿ ಅಕ್ಕನಿಗೋ ನೆಗೆಣ್ಣಿಗೋ ಮಕ್ಕಳಾಗಿಲ್ಲ. ಸಂಬಂಧದೊಳಗಿನವರು ಯಾರಾದರೂ ಅಂಡ ಕೊಟ್ಟರೆ ಆದೀತು ಎಂದು ಡಾಕ್ಟರು ಹೇಳಿದ್ದಾರೆ. ಅವತ್ತಿನಿಂದ ಮನೆಯವರೆಲ್ಲ ಇವಳ ಹೊಟ್ಟೆ ನೋಡುತ್ತ ಮಾತಾಡುತ್ತಿದ್ದಾರೆ. "ಬಾಳ ನೋವಾಗತೈತೇನ್ರೀ ಸಂಗಕ್ಕಾ?" ಎಂದು ಕೇಳುತ್ತಾರೆ. ನೋವಂತೆ! ಎರಡೆರಡು ಹೆತ್ತವಳು ಸೂಜಿಗೆ ಹೆದರುತ್ತಾಳೆ. ಕೇಳಬೇಕಾದದ್ದನ್ನು ಇವತ್ತಿನ ತನಕ ಒಬ್ಬಳೂ ಕೇಳಿಲ್ಲ.

ಅಂಡ ಕೊಟ್ಟಾಗ ನನಗೆ ಮೂವತ್ತೆರಡು, ಈಗ ನಲವತ್ತಾರು. ಕೊಟ್ಟದ್ದು ನನ್ನ ಸ್ವಂತ ಅಕ್ಕ ನೀಲಾಂಬಿಕೆಗೆ. ಮೊದಲು ನಮ್ಮ ಊರಿನ ರೀತಿ ಹೇಳಿಬಿಡುತ್ತೇನೆ, ಇಲ್ಲವಾದರೆ ನಾವೆಲ್ಲ ಹುಚ್ಚರು ಎಂದುಕೊಂಡೀರಿ. ಹುಚ್ಚರೇ ಹೌದು, ಆದರೆ ಕಾರಣವಿದೆ.

ನಮ್ಮ ಊರಿನಲ್ಲಿ ಕೊಟ್ಟ ವಸ್ತು ಕೊಟ್ಟವರ ಕಡೆಗೆ ತಿರುಗುತ್ತದೆ. ತವರಿನವರು ಕೊಟ್ಟ ಚಹಾದ ಕೆಟಲಿಯನ್ನು ಹೇಗಾದರೂ ಇಡಿ, ತುಸು ಹೊತ್ತಿಗೆ ಅದರ ಮೂತಿ ತವರಿನ ಕಡೆ ಹೊರಳಿರುತ್ತದೆ. ಅಣ್ಣ ಕೊಟ್ಟ ಕುರ್ಚಿ ಅಣ್ಣನ ಕಡೆ ಮುಖ ಮಾಡುತ್ತದೆ, ಅವನು ಸಂತೆಗೆ ಹೋದರೆ ಸಂತೆಯ ಕಡೆ. ಕೊಟ್ಟವರು ಸತ್ತರೆ ಸ್ಮಶಾನದ ಕಡೆ ತಿರುಗಿ ನಿಂತುಬಿಡುತ್ತದೆ, ಆಮೇಲೆ ಅಲ್ಲಾಡುವುದಿಲ್ಲ. ಅಂಗಡಿಯಲ್ಲಿ ಕೊಂಡದ್ದು ಇಟ್ಟ ಕಡೆ ಇರುತ್ತದೆ. ಆದರೆ ಸಂಬಂಧಿಕರ ನಡುವೆ ರೊಕ್ಕ ಕೊಟ್ಟೆ ಎಂದು ಎಷ್ಟು ನಾಟಕ ಮಾಡಿದರೂ ವಸ್ತು ನಂಬುವುದಿಲ್ಲ, ತಿರುಗಿಯೇ ತಿರುಗುತ್ತದೆ. ಸೊಸೆಯ ಅಡುಗೆಮನೆಯಲ್ಲಿ ಸೌಟು, ಚಮಚ, ಹಂಚಿನ ಹಿಡಿ ಎಲ್ಲ ಅವಳ ತವರಿನ ಕಡೆ ಬೆರಳು ಮಾಡಿಕೊಂಡು ಬಿದ್ದಿರುವುದನ್ನು ಯಾವ ಅತ್ತೆ ಸಹಿಸುತ್ತಾಳೆ?

ಅದಕ್ಕೇ ನಮ್ಮಲ್ಲಿ ಮರ್ಯಾದಸ್ಥರು ಏನನ್ನೂ ಕೈಯಲ್ಲಿ ಕೊಡುವುದಿಲ್ಲ. ಕದಿಯಗೊಡುತ್ತಾರೆ. ಕದ್ದದ್ದು ತಿರುಗುವುದಿಲ್ಲ. ಕೊಡುವವರು ವಸ್ತುವನ್ನು ಕಟ್ಟೆಯ ಮೇಲಿಟ್ಟು ಬೆನ್ನು ತಿರುಗಿಸಿ ನಿಲ್ಲಬೇಕು. ಒಯ್ಯುವವರು ಬಂದು ಎತ್ತಿಕೊಂಡು ಓಡಬೇಕು. ಆಗ ಕೊಟ್ಟವರು "ಕಳ್ಳಿ! ಕಳ್ಳಿ! ಕಳ್ಳಿ!" ಎಂದು ಮೂರು ಸಲ ಒದರಬೇಕು. ನೆರೆಯವರು ಕಿಟಕಿಯಿಂದ ತಲೆ ಹಾಕಿ "ಏನ್ ಹೋತ?" ಎಂದು ಕೇಳಬೇಕು. ಅಲ್ಲಿಗೆ ಕಳ್ಳತನ ಪಕ್ಕಾ. ಮದುವೆಯಾದ ಮರುದಿನ ಹೆಣ್ಣಿನ ತಂದೆ ಬೀದಿಯಲ್ಲಿ ನಿಂತು, ಕಪಾಟು ಹೊತ್ತೊಯ್ಯುವ ಬೀಗರನ್ನು ಕಳ್ಳರೆಂದು ಬಯ್ಯುತ್ತಾನೆ, ಬೀಗರು ಸಂತೋಷದಿಂದ ಓಡುತ್ತಾರೆ. ಖರೆ ಕಳ್ಳರಿಗೆ ಇದರಿಂದ ಎಷ್ಟು ಅನುಕೂಲವಾಗಿದೆ ಎಂದು ಹೇಳಬೇಕಾಗಿಲ್ಲ. ಇಂಥ ಊರಿನಲ್ಲಿ "ತಗೋ" ಎನ್ನುವ ಮಾತು ದೊಡ್ಡವರ ಬಾಯಲ್ಲಿ ಬರುವುದಿಲ್ಲ. ಕೂಸುಗಳು ಆ ಮಾತು ಆಡಿದರೆ ತುಟಿಗೆ ಬಡಿಯುತ್ತಾರೆ.

ನೀಲಕ್ಕ ನನಗಿಂತ ಆರು ವರ್ಷ ದೊಡ್ಡವಳು. ಪಾತ್ರೆ ಬಾಂಡೆ ಅಂಗಡಿಯ ಗುರುಪಾದಪ್ಪ ಮಾಮನಿಗೆ ಕೊಟ್ಟಿದ್ದರು. ಕೊಟ್ಟಿದ್ದರು ಎಂದೆ, ತಪ್ಪು, ಅವಳನ್ನೂ ಕದ್ದೇ ಒಯ್ದರು, ನಮ್ಮಪ್ಪ ಒದರಿದ್ದು ನನಗೆ ನೆನಪಿದೆ. ಹದಿನಾರು ವರ್ಷ ಮಕ್ಕಳಾಗಲಿಲ್ಲ. ಮೂವತ್ತೈದಕ್ಕೇ ಮುಟ್ಟು ನಿಂತುಹೋಯಿತು. ನಮ್ಮ ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಅವಳಿಗೆ ತವರು ಅಂತ ಇದ್ದದ್ದು ನನ್ನ ಗಿರಣಿ ಮಾತ್ರ. ಅವಳ ಅತ್ತೆ ರಾಚವ್ವ ಇನ್ನೊಂದು ಹೆಣ್ಣು ನೋಡುವ ಮಾತನ್ನು ಅಕ್ಕನ ಎದುರಿಗೇ ಆಡುತ್ತಿದ್ದಳು, ಹೊಸ ಮಿಕ್ಸರ್ ತರುವ ಮಾತು ಆಡಿದ ಹಾಗೆ. ಮಾಮ ಆಗ ಏನು ಮಾಡುತ್ತಿದ್ದ? ಅಂಗಡಿಯ ತಟ್ಟೆ ಒರೆಸುತ್ತಿದ್ದ. ಒಳ್ಳೆಯವನು ಎಂದು ಊರೆಲ್ಲ ಹೇಳುತ್ತದೆ. ಬಾಯಿ ಬಿಡದವರಿಗೆಲ್ಲ ನಮ್ಮ ಊರು ಒಳ್ಳೆಯವರು ಎನ್ನುತ್ತದೆ.

ದೊಡ್ಡ ಆಸ್ಪತ್ರೆಗೆ ಹೊರಗಿನಿಂದ ಒಬ್ಬ ಡಾಕ್ಟರ್ ಬಾಯಿ ಬಂದಿದ್ದಳು. ತಂಗಿಯ ಅಂಡ, ಗಂಡನ ವೀರ್ಯ ಸೇರಿಸಿ ಅಕ್ಕನ ಗರ್ಭದಲ್ಲಿ ಇಡಬಹುದು ಎಂದು ಆಕೆಯೇ ಹೇಳಿದಳು. ನೀಲಕ್ಕ ನನ್ನನ್ನು ಕೇಳಲಿಲ್ಲ. ಗಿರಣಿಗೆ ಬಂದು, ಹಿಟ್ಟಿನ ಕೊಳವೆಯ ಎದುರು ಕೂತು, ಅರ್ಧ ತಾಸು ಬರೀ ಹಿಟ್ಟು ಬೀಳುವುದನ್ನು ನೋಡಿದಳು. "ಏನಾಗೇತಿ, ಬೊಗಳು" ಎಂದೆ. ಹೇಳಿದಳು. "ಇಷ್ಟಕ್ಕ ಅರ್ಧ ತಾಸ ನನ್ನ ಗಿರಾಕಿ ಕಾಯಿಸಿದೇನ? ಆತೇಳು" ಎಂದೆ. ಅಷ್ಟೇ ನಡೆದದ್ದು. ಕೊಡುವುದು ಬಹಳ ಸುಲಭ. ಬಂದ ಹೆಂಗಸರಿಗೆಲ್ಲ ನಾನು ಇದನ್ನೇ ಹೇಳುವುದು, ಕೊಡುವುದು ಒಂದು ನಿಮಿಷದ ಕೆಲಸ.

ಡಾಕ್ಟರ್ ಬಾಯಿ ನನ್ನ ರಕ್ತ ಪರೀಕ್ಷೆ ಮಾಡಿಸಿದಳು, ನಮ್ಮ ಮನೆತನದಲ್ಲಿ ಯಾರ್‍ಯಾರಿಗೆ ಯಾವ ರೋಗ ಇತ್ತು ಎಂದು ಬರೆದುಕೊಂಡಳು, ಗಂಡನ ಸಹಿ ಕೇಳಿದಳು. ನನ್ನ ಗಂಡ ಕಲ್ಲಪ್ಪ ಓದದೆಯೇ ಸಹಿ ಹಾಕಿದ. ಆಮೇಲೆ ನನ್ನೊಬ್ಬಳನ್ನೇ ಕೂರಿಸಿಕೊಂಡು, "ಮಗು ಹುಟ್ಟಿದ ಮೇಲೆ ಅದರ ಮೇಲೆ ನಿಮಗೆ ಯಾವ ಹಕ್ಕೂ ಇರುವುದಿಲ್ಲ. ದಿನಾಲೂ ಕಣ್ಣೆದುರಿಗೇ ಬೆಳೆಯುತ್ತದೆ, ಆದರೆ ಅದು ನಿಮ್ಮ ಅಕ್ಕನ ಮಗು. ಸಹಿಸುತ್ತೀರಾ?" ಎಂದು ಕೇಳಿದಳು.

"ನನ್ನ ಮನ್ಯಾಗ ಎರಡು ಗಂಡ ಹುಡುಗ್ರು ಅದಾವರೀ. ದಿನಾ ಇಪ್ಪತ್ತು ರೊಟ್ಟಿ ತಿಂತಾವು. ಇನ್ನೊಂದ ತಗೊಂಡ ಏನ್ ಮಾಡ್ಲಿ?"

"ಸಿಟ್ಟಿನಲ್ಲಿ ಉತ್ತರ ಕೊಡಬೇಡಿ. ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ."

ನನ್ನನ್ನು ಏನೆಂದು ತಿಳಿದಿದ್ದಾಳೆ ಎಂದು ಉರಿದುಹೋಯಿತು. ಆಸ್ಪತ್ರೆಯಿಂದ ಗಿರಣಿಗೆ ಬರುವಷ್ಟು ದಾರಿ ಯೋಚನೆ ಮಾಡಿದೆ. ಅದರಲ್ಲೂ ಅರ್ಧ ದಾರಿ ಗಿರಣಿಯ ಬೆಲ್ಟು ಹರಿದದ್ದರ ಯೋಚನೆ.

ಹತ್ತು ದಿನ ಹೊಟ್ಟೆಯ ಚರ್ಮಕ್ಕೆ ಸೂಜಿ. ನಾನೇ ಚುಚ್ಚಿಕೊಳ್ಳಲು ಕಲಿತೆ, ಅದರಲ್ಲಿ ಏನೂ ಇಲ್ಲ. ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್. ಏಳನೆಯ ದಿನದಿಂದ ಹೊಟ್ಟೆ ಊದಿಕೊಂಡು ಲಂಗದ ಲಾಡಿ ಹತ್ತದಾಯಿತು. ಭಾರ ಎತ್ತಬಾರದು ಎಂದರು, ಹಾಗಾಗಿ ಗಿರಣಿಯನ್ನು ಕಲ್ಲಪ್ಪನ ಕೈಗೆ ಬಿಟ್ಟೆ. ಅವನು ಯಾರದೋ ಗೋದಿಯ ಮೇಲೆ ಯಾರದೋ ಕಡಲೆ ಸುರುವಿ ಇಬ್ಬರು ಗಿರಾಕಿಗಳನ್ನು ಕಳೆದ. ಇದೆಲ್ಲ ದೇಹದ ತ್ರಾಸು, ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ರಾಚವ್ವ.

ದಿನಾ ಮಧ್ಯಾಹ್ನ ಡಬ್ಬಿ ಹಿಡಿದು ಬರುತ್ತಿದ್ದಳು. ತುಪ್ಪ ಹಾಕಿದ ಸಜ್ಜಕ, ಅಂಟಿನುಂಡೆ, ಹಾಲು. ಎದುರಿಗೆ ಕೂತು ತಿನ್ನಿಸುತ್ತಿದ್ದಳು. ನನ್ನ ಮೇಲಿನ ಮಮತೆಗಲ್ಲ. ಕಡಲೆ ನೆನೆಹಾಕಿದವರು ಮೊಳಕೆ ಬಂತೇ ಎಂದು ಬಟ್ಟೆ ಎತ್ತಿ ನೋಡುವ ಹಾಗೆ ನೋಡುತ್ತಿದ್ದಳು. "ಖಾರ ತಿನಬ್ಯಾಡ, ನಮ್ಮ ಬೀಜಕ್ಕ ಉಷ್ಣಾಗತೈತಿ" ಎನ್ನುವಳು. ಅವರ ಮನೆಯಲ್ಲಿ ಮೊಟ್ಟೆ, ತತ್ತಿ ಎಂಬ ಶಬ್ದವನ್ನೇ ಆಡುವುದಿಲ್ಲ, ಮಡಿ ಮನೆತನ.

"ನಿಮ್ಮ ಬೀಜ ಅಲ್ಲರೀ ಅತ್ತಿ, ನನ್ನ ತತ್ತಿ" ಎಂದೆ ಒಂದು ದಿನ.

"ಶಿವ ಶಿವಾ! ಊಟದ ಮುಂದ ಅದೇನ್ ಮಾತಾಡ್ತಿ?"

"ಅದನ್ನ ಒಯ್ದು ಸೊಸಿ ಹೊಟ್ಯಾಗ ಇಡಾಕ ಮಡಿ ಅಡ್ಡ ಬರೂದಿಲ್ಲ. ಹೆಸರು ಹೇಳಿದ್ರ ಮಡಿ ಕೆಡತೈತೇನ್ರೀ?"

ಮರುದಿನವೂ ಡಬ್ಬಿ ಬಂತು. ನನ್ನ ಬಾಯಿಗೆ ಹೆದರುವ ಹೆಂಗಸಲ್ಲ ಅವಳು. ಅವಳಿಗಿದ್ದ ಹೆದರಿಕೆಯೇ ಬೇರೆ. ಇದನ್ನು ನಾನು ಕೊಟ್ಟ ಹಾಗಾದರೆ ಹುಟ್ಟುವ ಕೂಸು ಜನ್ಮವಿಡೀ ನನ್ನ ಕಡೆ ತಿರುಗಿಕೊಂಡಿರುತ್ತದೆ. ಅವರ ಮನೆಯ ತೊಟ್ಟಿಲಲ್ಲಿ ಮಲಗಿ ಗಿರಣಿಯ ಕಡೆ ನೋಡುತ್ತದೆ. ಆದ್ದರಿಂದ ಕದಿಯಬೇಕು. ಡಾಕ್ಟರ್ ಬಾಯಿಯ ಹತ್ತಿರ ಹೋಗಿ, "ನೀವು ತಗದು ಕಿಟಕಿ ಮ್ಯಾಲೆ ಇಡ್ರಿ, ನಮ್ಮ ನೀಲವ್ವ ಕದ್ದ ಒಯ್ತಾಳ" ಎಂದು ಹೇಳಿದಳಂತೆ. "ಕಿಟಕಿಯ ಮೇಲೆ ಇಡಲು ಅದು ಉಪ್ಪಿನಕಾಯಿಯ ಭರಣಿಯಲ್ಲ, ಒಂದು ನಿಮಿಷ ತಣ್ಣಗಾದರೂ ಕೆಡುತ್ತದೆ" ಎಂದು ಆಕೆ ಬೈದಳು. ಆದರೆ ಆ ಡಾಕ್ಟರ್ ಬಾಯಿಯ ಮೇಜಿನ ಮೇಲೂ ಅವಳಪ್ಪ ಕೊಟ್ಟ ಪೆನ್ನು ದಿನವಿಡೀ ದಕ್ಷಿಣಕ್ಕೆ ಹೊರಳುತ್ತಿತ್ತು. ಕೊನೆಗೆ ಒಪ್ಪಿದಳು. ಅಂಡ ತೆಗೆಯುವಾಗ ನೀಲಕ್ಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುವುದು, ನರ್ಸು ಅಂಡವಿದ್ದ ಗಾಜಿನ ನಳಿಗೆ ಒಯ್ಯುವಾಗ ಅದಕ್ಕೆ ಬೆರಳು ಮುಟ್ಟಿಸಿ ಜೊತೆಗೆ ಓಡುವುದು. ನಾನು ಮಂಪರಿನಿಂದ ಕಣ್ಣು ತೆರೆದ ಕೂಡಲೇ, ಬೇರೆ ಯಾವ ಮಾತೂ ಆಡದೆ, ಮೂರು ಸಲ ಕಳ್ಳಿ ಎಂದು ಒದರುವುದು.

ರೂಢಿಯಾಗಲಿ ಎಂದು ರಾಚವ್ವ ದಿನಾ ಊಟದ ಮೇಲೆ ನನ್ನಿಂದ ಒದರಿಸುತ್ತಿದ್ದಳು. ಮಲಗಿ ಕಣ್ಣು ಮುಚ್ಚಬೇಕು, ತೆರೆಯಬೇಕು, ಒದರಬೇಕು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ಮೊದಲೇ ದೊಡ್ಡದು. ಓಣಿಯ ಕಿಟಕಿಗಳಲ್ಲೆಲ್ಲ ತಲೆಗಳು ಬರುತ್ತಿದ್ದವು. "ಏನ್ ಹೋತ ಸಂಗಕ್ಕಾ?" "ನನ್ನ ಮರ್ಯಾದಿ ಹೋತ, ಒಳಗ ಹೋಗ್ರಿ."

ಕೊನೆಯ ಸೂಜಿಯನ್ನು ಗಂಟೆ ನಿಮಿಷ ನೋಡಿ ಚುಚ್ಚಿದರು. ಒಂದು ದಿನ ಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಲಗಿಸಿ ಮಂಪರಿನ ಮದ್ದು ಕೊಟ್ಟರು. ಕಾಲು ತಾಸಿನ ಕೆಲಸ. ಎಚ್ಚರವಾದಾಗ ಹೊಟ್ಟೆ ಹಿಂಡುತ್ತಿತ್ತು, ಮುಟ್ಟಿನ ನೋವಿನ ಹಾಗೆ. ನೆನಪಿಟ್ಟುಕೊಂಡು ಬಾಯಿ ತೆರೆದು ಮೂರು ಸಲ "ಕಳ್ಳಿ" ಎಂದೆ. ಒಳ್ಳೆಯ ದನಿಯಲ್ಲೇ ಬಂತು. ಯಾರೂ "ಏನ್ ಹೋತ" ಎನ್ನಲಿಲ್ಲ. ನರ್ಸು ಗೋಡೆಯ ಕಡೆ ನೋಡಿದಳು. ಬಾಗಿಲಲ್ಲಿ ರಾಚವ್ವ ಹಣೆಗೆ ಕೈ ಹಚ್ಚಿಕೊಂಡು ಕೂತಿದ್ದಳು.

"ಏನಾತ್ರೀ?"

"ನಿನ್ನ ಬಾಯಾಗ ಬೆಂಕಿ ಹಾಕ. ಮೊದಲ ಏನಂದಿ ನೀನು?"

ಮಂಪರಿನಲ್ಲಿ, ಕಣ್ಣು ತೆರೆಯುವ ಮೊದಲೇ, ನಳಿಗೆ ಬಾಗಿಲು ದಾಟುವಾಗ ನಾನು ಅಂದಿದ್ದೆನಂತೆ. "ತಗೋ ಅಕ್ಕಾ. ತಗೋ." ಎರಡು ಸಲ, ಸ್ಪಷ್ಟವಾಗಿ. ನನಗೆ ನೆನಪಿಲ್ಲ. ನರ್ಸು ಕೇಳಿದ್ದಾಳೆ, ರಾಚವ್ವ ಕೇಳಿದ್ದಾಳೆ, ಅಂದಿರಲೇಬೇಕು. ಹತ್ತು ದಿನ ರೂಢಿ ಮಾಡಿದ ಮಾತು ಬಿಟ್ಟು ಹುಟ್ಟಾ ಆಡದ ಮಾತು ಹೇಗೆ ಬಂತೋ ಇವತ್ತಿಗೂ ತಿಳಿಯದು. ನೀಲಕ್ಕ ನನ್ನ ಕಾಲ ಮೇಲೆ ಹೊದಿಕೆ ಸರಿಮಾಡಿ ಹೋದಳು.

ಹನ್ನೊಂದು ಅಂಡ ಸಿಕ್ಕಿದ್ದವು. ಅವುಗಳಲ್ಲಿ ನಾಲ್ಕು ಫಲಿಸಿದವು, ಮೊದಲು ಇಟ್ಟದ್ದು ನಿಲ್ಲಲಿಲ್ಲ, ಎರಡನೆಯದು ನಿಂತಿತು. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಅಕ್ಕನ ಹೊಟ್ಟೆಯ ಉಬ್ಬು ಒಂದು ಕಡೆಗೆ ವಾಲತೊಡಗಿತು. ಯಾವ ಕಡೆಗೆ ಎಂದು ಹೇಳಬೇಕೆ? ನಾನು ಗಿರಣಿಯಲ್ಲಿದ್ದರೆ ಎಡಕ್ಕೆ, ಸಂತೆಗೆ ಹೋದರೆ ಬಲಕ್ಕೆ. "ಇವತ್ತ ಮಧ್ಯಾಹ್ನ ಕೆರಿ ಕಡೆ ಯಾಕ ಹೋಗಿದ್ದಿ?" ಎಂದು ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು. ಮೊದಮೊದಲು ಇಬ್ಬರೂ ನಗುತ್ತಿದ್ದೆವು. ಆಮೇಲೆ ಅವಳೊಬ್ಬಳು ನಗುವುದನ್ನು ಬಿಟ್ಟಳು. ಅವರ ಓಣಿಗೆ ಬರಬೇಡ ಎಂದು ನನಗೆ ರಾಚವ್ವ ಹೇಳಿಕಳಿಸಿದಳು. ಹೇಳಲು ಬಂದದ್ದು ಮಾಮ. ಹೊಸ ತಟ್ಟೆಯೊಂದನ್ನು ಕೈಯಲ್ಲಿ ತಿರುಗಿಸುತ್ತ, "ಅವ್ವ ಅಂದ್ಳು" ಎಂದ.

"ಅವ್ವ ಅಂದದ್ದು ಗೊತ್ತಾತು. ನೀವೇನ್ ಅಂತೀರಿ ಮಾಮಾ?"

"ನಾ ಏನ್ ಅನ್ಲಿ ಸಂಗವ್ವಾ?"

ಆ ತಟ್ಟೆಯಿಂದ ಇವನಿಗಿಂತ ಜಾಸ್ತಿ ಸದ್ದು ಬರುತ್ತಿತ್ತು, ಬಡಿದಿದ್ದರೆ.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಿದ ದಿನದಿಂದ ಅದರ ಕುತ್ತಿಗೆ ಗಿರಣಿಯ ಕಡೆ. ತೊಟ್ಟಿಲು ತಿರುಗಿಸಿದರೆ ತಲೆ ಮತ್ತೆ ಈ ಕಡೆ ಹೊರಳುತ್ತಿತ್ತು. ಹತ್ತಿಯ ಉಂಡೆ ಒತ್ತು ಕೊಟ್ಟರು, ತಲೆಗೆ ಸಾಸಿವೆಯ ದಿಂಬು ಇಟ್ಟರು, ಏನೂ ಆಗಲಿಲ್ಲ. ಹದಿಮೂರನೆಯ ದಿನಕ್ಕೆ ಇಡಬೇಕಾದ ಹೆಸರು ಮುಂದೆ ಹೋಯಿತು. ಬೇರೆಯವರ ಕಡೆ ನೋಡುವ ಕೂಸಿಗೆ ನಮ್ಮ ಮನೆತನದ ಹೆಸರು ಹೇಗೆ ಇಡಲಿ ಎಂದು ರಾಚವ್ವ ಬಂದವರ ಎದುರಿಗೆಲ್ಲ ಕೇಳುತ್ತಿದ್ದಳಂತೆ. ಹೆತ್ತು ಮಲಗಿದ ಸೊಸೆ ಅದೇ ಕೋಣೆಯಲ್ಲಿದ್ದಳು, ಕಿವಿ ಇತ್ತು.

ಇಷ್ಟು ಹೊತ್ತು ಎಲ್ಲರನ್ನೂ ಬೈದೆ. ಈಗ ನನ್ನ ಸರದಿ. ಅವರ ಓಣಿಗೆ ಬರಬೇಡ ಎಂದಿದ್ದರು. ಹಿತ್ತಿಲ ಓಣಿಗೆ ಬರಬೇಡ ಎಂದಿರಲಿಲ್ಲ. ಕೂಸು ಹುಟ್ಟಿದ ಎರಡನೆಯ ವಾರದಿಂದ ದಿನಕ್ಕೆ ಎರಡು ಸಲ ನಾನು ಆ ಹಿತ್ತಿಲ ಓಣಿಯಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ನನ್ನ ಕೆಲಸ ಏನೂ ಇರಲಿಲ್ಲ. ಗೋಡೆಯ ಆಚೆ ಒಂದು ಸಣ್ಣ ತಲೆ ನಾನು ನಡೆದ ಹಾಗೆ ಮೆಲ್ಲಗೆ ಹೊರಳುತ್ತಿದೆ ಎಂದು ನನಗೆ ಗೊತ್ತಿತ್ತು, ಅಷ್ಟೇ ಸಾಕಾಗುತ್ತಿತ್ತು. ಗೋಡೆಯ ಈ ತುದಿಯಿಂದ ಆ ತುದಿಗೆ ನಡೆಯುವುದು, ನಿಲ್ಲುವುದು, ವಾಪಸು ನಡೆಯುವುದು. ಮನೆಯಲ್ಲಿ ಎರಡು ಗಂಡು ಹುಡುಗರು ನನ್ನ ಕಡೆ ತಲೆ ಎತ್ತಿ ನೋಡದೆ ರೊಟ್ಟಿ ತಿನ್ನುತ್ತಿದ್ದರು. ಇದು ನೆಪ ಎಂದು ನನಗೂ ಗೊತ್ತು. ಇನ್ನೊಂದ ತಗೊಂಡ ಏನ್ ಮಾಡ್ಲಿ ಎಂದು ಡಾಕ್ಟರ್ ಬಾಯಿಯ ಎದುರು ಬಾಯಿ ಮಾಡಿದ್ದೆನಲ್ಲ, ಅದಕ್ಕೆ ಹಿತ್ತಿಲ ಓಣಿಯಲ್ಲಿ ದಿನಾ ಉತ್ತರ ಹೇಳುತ್ತಿದ್ದೆ.

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ನೀಲಕ್ಕ ಗಿರಣಿಗೆ ಬಂದಳು. ಕೂಸನ್ನು ತಂದಿರಲಿಲ್ಲ. ನಾನು ಯಂತ್ರ ಬಂದ್ ಮಾಡಿದೆ.

"ಹಿತ್ತಲ ಓಣ್ಯಾಗ ಯಾಕ ಅಡ್ಡಾಡ್ತಿ ಸಂಗೀ?"

"ಓಣಿ ನಿಮ್ಮತ್ತಿ ತನ್ನ ಹೆಸರಿಗೆ ಬರಿಸ್ಕೊಂಡಾಳೇನ?"

"ಅತ್ತಿ ಮಾತ ಬಿಡು. ನನಗ ಹೇಳು."

"ಯಾರ ಹೇಳಿದ್ರು ನಿನಗ?"

"ಯಾರ ಹೇಳಬೇಕು? ಹಾಲು ಕುಡಿಯೂ ಮುಂದ ಮೊಲಿ ಬಿಟ್ಟ ಹೊಳ್ಳತೈತಿ. ಬಾಯಾಗಿನ ಹಾಲು ಹಂಗ ಸುರದು ಹೋಕ್ಕೈತಿ. ನೀ ಈ ತುದಿಯಿಂದ ಆ ತುದಿಗೆ ಹೋಗೂ ತನಕ ಅದು ನನ್ನ ಕಡೆ ಬರೂದಿಲ್ಲ. ದಿನಕ್ಕ ಎರಡ ಸಲ, ಸಂಗೀ. ನಾ ಮೊಲಿ ಹಿಡಕೊಂಡ ಕುಂತಿರ್ತೀನಿ."

ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ. "ಹಂಗಾದ್ರ ತತ್ತಿ ಬೇಕಾಗಿತ್ತು, ನಾ ಬ್ಯಾಡಾಗೀನಿ. ನಿಮ್ಮತ್ತಿ ಹಂಗ ನೀನೂ ಆದಿ ನೋಡ" ಎಂದು ಒದರಿದೆ. ಇನ್ನೂ ಏನೇನೋ ಅಂದೆ. ಅವಳು ಎಲ್ಲ ಕೇಳಿಸಿಕೊಂಡು, ಸೆರಗಿನ ಹಿಟ್ಟು ಝಾಡಿಸಿದಳು. ಬರುವ ಸೋಮವಾರ ಹೆಸರಿಡುವುದೆಂದು ಅವಳ ಅತ್ತೆ ನಿಶ್ಚಯ ಮಾಡಿದ್ದಳಂತೆ, ಒಂದು ಷರತ್ತಿನ ಮೇಲೆ. ನಾನು ಬಂದು ನಾಲ್ಕು ಮಂದಿಯ ಎದುರು, ತೊಟ್ಟಿಲಿಗೆ ಬೆನ್ನು ಹಾಕಿ ನಿಂತು, ಮೂರು ಸಲ ಕಳ್ಳಿ ಎಂದು ಒದರಬೇಕು. ತಡವಾಗಿ ಒದರಿದರೂ ನಡೆಯುತ್ತದೆ, ಕೆಳಗಿನ ಓಣಿಯಲ್ಲಿ ಯಾರದೋ ಹಾಸಿಗೆ ಎಂಟು ತಿಂಗಳ ಮೇಲೆ ಸುಮ್ಮನಾದದ್ದಿದೆ. ನಾನು ಒದರದಿದ್ದರೆ ಹೆಸರಿಲ್ಲ. ಹೆಸರಿಲ್ಲದ ಕೂಸನ್ನೂ ಅದರ ತಾಯಿಯನ್ನೂ ಕೊಟ್ಟವರ ಮನೆಗೇ ಕಳಿಸಿಬಿಡುವುದು.

"ಮಾಮ ಏನಂದ?"

"ಏನಂತಾನ? ಬರ್ತೀಯಿಲ್ಲ, ಅಷ್ಟ ಹೇಳು. ಕಳ್ಳಿ ಅಂದ್ರ ನನಗೇನ್ ಬ್ಯಾಸರಿಲ್ಲ. ಊರ ಮಂದಿ ಎಲ್ಲಾ ಅಂತಾರ, ಅನಿಸ್ಕೊಂತಾರ."

"ಬರ್ತೀನಿ ಹೋಗು" ಎಂದೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋದೆ. ಪಡಸಾಲೆಯ ತುಂಬ ಹೆಂಗಸರು. ಕೋಸಂಬರಿ, ಹೂರಣದ ವಾಸನೆ. ಮರದ ತೊಟ್ಟಿಲನ್ನು ನಡುತೊಲೆಗೆ ಕಟ್ಟಿದ್ದರು, ಅದನ್ನು ಮಾಮ ಅಂಗಡಿಯಲ್ಲಿ ಕೊಂಡು ತಂದಿದ್ದ, ಅದು ಸುಮ್ಮನೆ ತೂಗುತ್ತಿತ್ತು. ನೀಲಕ್ಕ ಹಸಿರು ಸೀರೆ ಉಟ್ಟು ಪದ್ಧತಿಯಂತೆ ತೊಟ್ಟಿಲ ಬಲಕ್ಕೆ, ದೇವರ ಕೋಣೆಯ ಕಡೆ ಕೂತಿದ್ದಳು. ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ನಾನು ಒಳಗೆ ಕಾಲಿಟ್ಟ ಕೂಡಲೇ ತೊಟ್ಟಿಲೊಳಗಿನ ತಲೆ ಬಾಗಿಲ ಕಡೆ ಹೊರಳಿತು. ಅದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಹುಬ್ಬು ನಮ್ಮವ್ವನದು. ಕಣ್ಣು ಮಿಟುಕಿಸದೆ ನನ್ನನ್ನು ನೋಡಿತು. ಹೆಂಗಸರೆಲ್ಲ ಬಾಯಿಗೆ ಸೆರಗು ಹಚ್ಚಿಕೊಂಡರು.

"ಕಂಡಿರಿಲ್ಲ? ಇದ ನಮ್ಮ ಮನಿ ಹಣೇಬಾರ" ಎಂದಳು ರಾಚವ್ವ. "ಹೂಂ ಸಂಗವ್ವಾ, ಬೆನ್ನ ಹಾಕು. ಒದರು."

ಬೆನ್ನು ಹಾಕಿದೆ. ಎದುರಿಗೆ ಬೀದಿ. ಆಚೆ ಮನೆಯವರು ಕಿಟಕಿ ತೆರೆದುಕೊಂಡು, ಏನ್ ಹೋತ ಎಂದು ಕೇಳಲು ತಯಾರಾಗಿ ನಿಂತಿದ್ದರು. ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ನನ್ನ ದನಿ ಬರಲಿಲ್ಲ. ಅಕ್ಕನನ್ನು ಕಳ್ಳಿ ಎನ್ನಲು ಮನಸ್ಸು ಬರಲಿಲ್ಲ ಎಂದು ಹೇಳಿದರೆ ಚೆನ್ನಾಗಿ ಕೇಳಿಸುತ್ತದೆ. ಅದು ಅರ್ಧ ಖರೆ. ಇನ್ನರ್ಧ ಖರೆ ನನ್ನ ಬೆನ್ನ ಹಿಂದೆ ತೊಟ್ಟಿಲಲ್ಲಿತ್ತು. ನಾನು ಒದರಿದರೆ ಅದು ಇನ್ನು ಯಾವತ್ತೂ ನನ್ನ ಕಡೆ ಹೊರಳುವುದಿಲ್ಲ.

ತಿರುಗಿ ನಿಂತೆ. "ಯಾರೂ ಕದ್ದಿಲ್ಲ. ನಾ ಕೊಟ್ಟೀನಿ" ಎಂದೆ.

ಒಂದೇ ಸಲಕ್ಕೆ ಗದ್ದಲ ಎದ್ದಿತು. ಎಷ್ಟೋ ಹೆಂಗಸರು ಕೊಟ್ಟೀನಿ ಎಂಬ ಶಬ್ದ ಕೇಳಿ ಕಿವಿ ಮುಚ್ಚಿಕೊಂಡರು, ನಾನು ಸೀರೆ ಬಿಚ್ಚಿ ನಿಂತವಳೋ ಎಂಬ ಹಾಗೆ. ರಾಚವ್ವ ಎದೆ ಬಡಿದುಕೊಂಡಳು. "ಕೇಳಿದಿರಿಲ್ಲ, ಬಾಯಿ ಬಿಟ್ಟ ಹೇಳಿದ್ಲು! ತೊಟ್ಟಿಲ ಬಿಚ್ಚಪಾ ಗುರುಪಾದ. ನೀಲವ್ವಾ, ಏಳು. ನಿನ್ನ ತಂಗಿ ಹಿಂದ ನಡಿ. ಯಾರ ಕಡೆ ನೋಡತೈತೋ ಅವರ ಮನ್ಯಾಗ ಬೆಳೀಲಿ." ಮಾಮ ಎದ್ದು ನಿಂತ, ಹಗ್ಗಕ್ಕೆ ಕೈ ಹಾಕಿದ, ಹಾಕಿ ಹಾಗೇ ನಿಂತ. ಬಿಚ್ಚಲೂ ಇಲ್ಲ, ಬಿಡಲೂ ಇಲ್ಲ. ಇಷ್ಟೇ ಅವನ ಕೈಲಿ ಆದದ್ದು. ಆದರೆ ಇಷ್ಟಾಯಿತು ಎಂದು ನಾನು ಹೇಳಬೇಕು.

ನೀಲಕ್ಕ ಎದ್ದಳು. ನನ್ನನ್ನು ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತು, ಯಾವ ಅರ್ಧ ಯಾವುದು ಎಂಬುದೂ ಗೊತ್ತಿತ್ತು. ನಾನು ಕಣ್ಣು ತೆಗೆದೆ. ಅವಳು ಕೂಸನ್ನು ಎತ್ತಿಕೊಳ್ಳುತ್ತಾಳೆ, ನನ್ನ ಹಿಂದೆ ಬರುತ್ತಾಳೆ ಎಂದುಕೊಂಡೆ. ಅವಳು ಎತ್ತಿಕೊಳ್ಳಲಿಲ್ಲ. ದೇವರ ಕೋಣೆಯ ಕಡೆಯಿಂದ ಚಾಪೆಯನ್ನು ಎಳೆದುಕೊಂಡು ತೊಟ್ಟಿಲನ್ನು ಸುತ್ತುಹಾಕಿ ಬಂದಳು. ತೊಟ್ಟಿಲಿಗೂ ನನಗೂ ನಡುವೆ ಅದನ್ನು ಹಾಸಿದಳು. ನನಗೆ ಬೆನ್ನು ಮಾಡಿ, ತೊಟ್ಟಿಲ ಕಡೆ ಮುಖ ಮಾಡಿ ಕೂತಳು. ಹೆತ್ತ ಮೇಲೆ ಅವಳ ಬೆನ್ನು ಅಗಲವಾಗಿತ್ತು.

"ಈಗ ಯಾರ ಕಡೆ ನೋಡಾಕತ್ತೈತಿ ಹೇಳ್ರಿ" ಎಂದಳು.

ಒಬ್ಬ ಮುದುಕಿ ಮುಂದೆ ಬಾಗಿ ತೊಟ್ಟಿಲೊಳಗೆ ನೋಡಿದಳು, ಅಕ್ಕನ ಮುಖ ನೋಡಿದಳು. "ಅವ್ವನ ಕಡೆನ ನೋಡತೈತ್ರೇ" ಎಂದಳು. ಇನ್ನೊಬ್ಬಳು, ಮತ್ತೊಬ್ಬಳು ಬಾಗಿ ನೋಡಿದರು. "ಹೌದ್ ಹೌದ, ಕಣ್ಣಾಗ ಕಣ್ಣಿಟ್ಟ ನೋಡತೈತಿ." ರಾಚವ್ವ ತಾನೂ ಬಾಗಿ ನೋಡಿ, "ಇದೇನ್ ಆಟಾ? ಅಕಿ ಅಲ್ಲೆ ನಿಂತಾಳ, ಅದಕ್ಕ" ಎಂದಳು.

"ನಿಂದರ್ಲಿ" ಎಂದಳು ನೀಲಕ್ಕ. "ಅಕಿ ಎಲ್ಲೆ ನಿಂತ್ರೂ ನಾ ನಡುವ ಕುಂದರ್ತೀನಿ. ಅಡಿಗಿ ಅಲ್ಲೆ ಮಾಡ್ತೀನಿ. ಹಾಸಿಗಿ ಅಲ್ಲೆ ಹಾಸ್ತೀನಿ. ಇದು ಕಣ್ಣ ತಗದಾಗೊಮ್ಮೆ ನನ್ನ ಮಾರಿ ಕಾಣಬೇಕು, ಅಷ್ಟ. ಕದಿಯೂದು ನನಗ ಬ್ಯಾಡ್ರಿ ಅತ್ತಿ. ತಂಗಿ ಕೊಟ್ಟಾಳ, ನಾ ತಗೊಂಡೀನಿ. ಹೆಸರ ಇಡಾಕ ಬರ್ರಿ."

ಆಮೇಲೆ ತಲೆ ತಿರುಗಿಸದೆ, ಮೊದಲಿಗಿಂತ ಸಣ್ಣ ದನಿಯಲ್ಲಿ ನನಗೆ ಹೇಳಿದಳು. "ಸಂಗೀ, ಹೆಸರ ಆಗೂ ತನಕ ಅಲ್ಲೆ ನಿಂದರು. ಅಲ್ಲಾಡಬ್ಯಾಡ."

ನಾನು ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ. ಗಿರಣಿಯಲ್ಲಿ ಅತ್ತ ಇತ್ತ ಓಡಾಡುತ್ತಲೇ ವಯಸ್ಸು ಕಳೆದವಳು. ಬಿಸಿಲು ಬಾಗಿಲಿಂದ ಬೆನ್ನಿಗೆ ಬೀಳುತ್ತಿತ್ತು. ಹೆಂಗಸರು ಜೋಗುಳ ಶುರುಮಾಡಿದರು. ಮಾಮನ ತಂಗಿ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಊದುವಾಗ ಉಳಿದವರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ನಾನು ನಿಂತಲ್ಲಿಗೆ ಹೆಸರು ಕೇಳಿಸಲಿಲ್ಲ. ಕೂಸೂ ಕಾಣಿಸುತ್ತಿರಲಿಲ್ಲ, ಅಕ್ಕನ ಹಸಿರು ಬೆನ್ನು ಕಾಣಿಸುತ್ತಿತ್ತು. ಒಂದು ಹೆಜ್ಜೆ ಎಡಕ್ಕೆ ಸರಿದರೆ ಸಾಕಿತ್ತು, ಹುಬ್ಬಾದರೂ ಕಾಣುತ್ತಿತ್ತು.

ಕಾಲು ಜ್ಯೋಮು ಹಿಡಿಯಿತು. ನಾನು ಸರಿಯಲಿಲ್ಲ.